ಪೊಲೀಸರು ಗಾಡಿ ತಡೆದರೆ ವಾರಂಟ್ ಬೇಕಾ? ಕೀ ಕಿತ್ಕೊಳ್ಳಬಹುದಾ?

ಮಂಡ್ಯ: ಶ್ರೀರಂಗಪಟ್ಟಣದಿಂದ ಪಾಂಡವಪುರ, ನಾಗಮಂಗಲದ ಕಡೆ ಹೊರಟವರಾಗಲಿ, ಕೆ.ಆರ್.ಪೇಟೆಯ ಅಂಗಡಿಗೆ ಸಾಮಾನು ತರುವವರಾಗಲಿ, ಪೊಲೀಸರು ಕೈ ಅಡ್ಡ ಹಿಡಿದಾಗ ಗೊಣಗುವುದುಂಟು: ‘ಸುಮ್ಮಸುಮ್ಮನೆ ಗಾಡಿ ನಿಲ್ಸೋಕೆ ಇವರಿಗೆ ಅಧಿಕಾರ ಇದ್ಯಾ?’

ಇದೆ. ಅದಕ್ಕೆ ವಾರಂಟ್ ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಪ್ರಕಾರ ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಡಿಎಲ್ ಕೇಳಬಹುದು. ‘ಸಮವಸ್ತ್ರ’ ಅನ್ನೋ ಮಾತು ಕಾಯ್ದೆಯಲ್ಲೇ ಇದೆ, ನೆನಪಿರಲಿ. ಗಾಂಜಾ ಸಾಗಣೆಯಂಥ ಗಂಭೀರ ಅಪರಾಧದ ಅನುಮಾನವಿದ್ದರೆ ವಾಹನದ ತಪಾಸಣೆಯನ್ನೂ ವಾರಂಟ್ ಇಲ್ಲದೆ ನಡೆಸಬಹುದು.

ಆದರೆ ಅಧಿಕಾರ ಇದ್ದಮಾತ್ರಕ್ಕೆ ಹೇಗೆ ಬೇಕಾದರೂ ತಡೆಯುವಂತಿಲ್ಲ. 2025ರ ಮೇ 26ರಂದು ಮಂಡ್ಯ ನಗರದಲ್ಲಿ ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಬೈಕನ್ನು ಸಂಚಾರ ಪೊಲೀಸರು ತಡೆದರು. ಬೈಕ್ ಆಯತಪ್ಪಿತು. ರಸ್ತೆಗೆ ಬಿದ್ದ ಮಗು ಉಳಿಯಲಿಲ್ಲ. ಮೂವರು ಎಎಸ್‌ಐಗಳು ಅಮಾನತಾದರು. ಕೆಲವೇ ದಿನಗಳಲ್ಲಿ ಡಿಜಿ-ಐಜಿಪಿ ಎಂ.ಎ.ಸಲೀಂ ರಾಜ್ಯಕ್ಕೆಲ್ಲ ಸೂಚನೆ ಹೊರಡಿಸಿದರು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ವಾಹನ ತಡೆಯಬಾರದು, ದಿಢೀರನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ಹಿಂದೆ ಕೂತವರನ್ನು ಎಳೆಯಬಾರದು. ಬರೀ ದಾಖಲೆ ನೋಡೋಕೆ ಗಾಡಿ ನಿಲ್ಲಿಸಬೇಡಿ ಎಂದು ಅಂದಿನ ಡಿಜಿಪಿ ಪ್ರವೀಣ್ ಸೂದ್ ಬೆಂಗಳೂರು ಪೊಲೀಸರಿಗೆ 2022ರಲ್ಲೇ ಹೇಳಿದ್ದರು. ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ. ಆ ಮಾತು ಮಂಡ್ಯಕ್ಕೆ ಬರಲು ಒಂದು ಮಗುವಿನ ಜೀವ ಹೋಗಬೇಕಾಯಿತು.

ಹಾಗಂತ ಕೈ ತೋರಿಸಿದಾಗ ನುಗ್ಗಿಸಿಕೊಂಡು ಹೋದರೆ ಅದೇ ಬೇರೆ ಕೇಸು. ನಿಲ್ಲಿಸಿ, ತಪ್ಪೇನೆಂದು ಕೇಳಿ. ಡಿಎಲ್, ಆರ್‌ಸಿಯನ್ನು ಮೊಬೈಲ್‌ನಲ್ಲಿ ಡಿಜಿಲಾಕರ್‌ ಮೂಲಕ ತೋರಿಸಿದರೂ ನಡೆಯುತ್ತದೆ. ದಾಖಲೆ ಜೊತೆಯಲ್ಲಿಲ್ಲದಿದ್ದರೆ, ಕೇಳಿದ ಅಧಿಕಾರಿಗೆ 15 ದಿನದೊಳಗೆ ತಲುಪಿಸಲು ಕೇಂದ್ರ ಮೋಟಾರು ವಾಹನ ನಿಯಮ 139ರಲ್ಲಿ ಅವಕಾಶವಿದೆ.

ನೋಂದಣಿ ಅಥವಾ ಪರ್ಮಿಟ್ ಇಲ್ಲದ ಗಾಡಿಯನ್ನು 207ನೇ ಕಲಂ ಅಡಿ ವಶಕ್ಕೆ ಪಡೆಯಬಹುದು. ಬಾಡಿಗೆ ಟೆಂಪೊದಲ್ಲಿ ಸರಕು ತರಿಸುವ ಅಂಗಡಿಯವರು ಪರ್ಮಿಟ್ ಇದೆಯಾ ಎಂದು ಮೊದಲೇ ಕೇಳಿಕೊಂಡರೆ ಒಳ್ಳೇದು. ಕುಡಿದು ಓಡಿಸಿದವರನ್ನು ವಾರಂಟ್ ಇಲ್ಲದೆ ಬಂಧಿಸಬಹುದು, ಆದರೆ ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಲೇಬೇಕು. ಇಲ್ಲದಿದ್ದರೆ ಬಿಡಬೇಕು.

ಚಾಲಕ ತಲೆಮರೆಸಿಕೊಳ್ಳುವ ಅನುಮಾನದಿಂದ ಡಿಎಲ್ ತೆಗೆದುಕೊಂಡರೆ ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಬೇಕು. ಕೇಳಿ ಪಡೆಯಿರಿ, ಡಿಎಲ್ ವಾಪಸ್ ಬರುವವರೆಗೆ ಆ ಚೀಟಿ ಇಟ್ಟುಕೊಂಡೇ ಗಾಡಿ ಓಡಿಸಬಹುದು.