ಬಿದಿರ ಮೆಳೆ ಹಕ್ಕಿಗಳ ವಾಡೆ
ಕಡಿಯುವ ಮುಂಚೆ ಬುಡ ನೋಡಿ

ಯಡ್ರಾವ: ಪಾಡ್ಯದ ದಿನ ಈ ಭಾಗದ ಮನೆ ಮನೆ ಮುಂದೆ ಗುಡಿ ಏರುತ್ತದೆ. ಗುಡಿಗೆ ಬಿದಿರ ಕೋಲು ಬೇಕು. ಟೊಮೆಟೊ ಬಳ್ಳಿಗೆ ಆಸರೆ ಬಿದಿರು. ಬುಟ್ಟಿ, ಮೊರ, ಏಣಿಗೂ ಅದೇ. ಕನ್ನಡದ ಮೇದಾರರು, ಮರಾಠಿಯ ಬುರುಡರು ಇಬ್ಬರ ಹೊಟ್ಟೆ ಹೊರೆದದ್ದೂ ಬಿದಿರೇ. ಕಾಡಿನಲ್ಲಿ ಮಾತ್ರ ಇದಕ್ಕೆ ಬೇರೆ ಗಿರಾಕಿಗಳಿದ್ದಾರೆ. ಅವರೇ ಹಕ್ಕಿಗಳು. ರೊಕ್ಕ ಕೊಡೂದಿಲ್ಲ ಖರೆ, ಆದರೆ ಅವಕ್ಕೆ ಬಿದಿರು ಇಲ್ಲದೆ ನಡೆಯೂದೂ ಇಲ್ಲ.

ನಮ್ಮ ಪಂಚಗಂಗೆಗೆ ನೀರು ತರುವ ಭೋಗಾವತಿ ಹುಟ್ಟುವುದು ದಾಜೀಪುರದ ಕಡೆಯ ಕಾಡಿನಲ್ಲಿ. ಒಂದು ಕಾಲಕ್ಕೆ ಕೊಲ್ಲಾಪುರ ಅರಸರ ಬೇಟೆಯ ಅಡವಿ ಅದು. 1958ರಲ್ಲಿ ಅಭಯಾರಣ್ಯವಾಯಿತು, 1985ರಲ್ಲಿ ರಾಧಾನಗರಿ ಅಭಯಾರಣ್ಯವಾಗಿ 351 ಚದರ ಕಿಲೋಮೀಟರಿಗೆ ಬೆಳೆಯಿತು. ಜನ ಅಲ್ಲಿಗೆ ಹೋಗುವುದು ಗವಾ ಅಂದರೆ ಕಾಡುಕೋಣ ನೋಡಲು. ದೊಡ್ಡ ಮರಗಳ ಕೆಳಗಿನ ಕಾರ್ವಿ, ಕವಳಿ, ಬಿದಿರಿನ ಕಡೆ ನೋಡುವವರು ಕಡಿಮೆ.

ಕೆಳಮನೆಯ ಸಂಸಾರ

ಕಾಡೆಂದರೆ ಮಾಳಿಗೆ ಮನೆ ಇದ್ದ ಹಾಗೆ. ಮಂಗಟ್ಟೆ ಹಕ್ಕಿ ಮೇಲಿನ ಅಂತಸ್ತಿನಲ್ಲಿ ಹಣ್ಣು ತಿನ್ನುತ್ತದೆ. ನೆಲಕ್ಕೆ ಹತ್ತಿದ ಹಕ್ಕಿಗಳಿಗೆ ಬಿದಿರ ಮೆಳೆಯೇ ಆಸರೆ. ಅದರ ಉದುರೆಲೆ ದಪ್ಪಗೆ ಬಿದ್ದು ತಂಪು ಹಿಡಿಯುತ್ತದೆ, ಆ ತಂಪಿಗೆ ಗೆದ್ದಲು, ಇರುವೆ, ಹುಳ ಸೇರುತ್ತವೆ. ಅವನ್ನು ಕೆದಕಲು ಕಾಡುಕೋಳಿ, ಹರಟೆಮಲ್ಲ ಬರುತ್ತವೆ. ಚಳಿಗಾಲಕ್ಕೆ ಬರುವ ನವರಂಗ (ಮರಾಠಿಯಲ್ಲೂ ಇದೇ ಹೆಸರು) ಕೂಡ ಇಂಥ ಪೊದೆಯ ಕೆಳಗೇ ಎಲೆ ಮಗುಚಿ ಹುಳ ಹುಡುಕುತ್ತದೆ.

ಕುಡುಗೋಲಿನಂಥ ಕೊಕ್ಕಿನ ಹರಟೆಮಲ್ಲ ಸಂದುಗೊಂದಿನಲ್ಲಿ ಕೊಕ್ಕು ತೂರಿಸಿ ಹುಳ ಎಳೆಯುತ್ತದೆ. ಗುಬ್ಬಿಗಿಂತ ಸಣ್ಣದಾದ ಒಂದು ಮರಕುಟಿಗ ಬಿದಿರನ್ನು ಟಕ್ ಟಕ್ ಬಡಿದು ಇರುವೆ, ಮರಿಹುಳ ತೆಗೆಯುತ್ತದೆ. ಕಪ್ಪುತಲೆಯ ಹರಟೆಮಲ್ಲ ಬಿದಿರೆಲೆಯನ್ನೇ ಸುತ್ತಿ ಚಂಡಿನಂಥ ಗೂಡು ಕಟ್ಟುತ್ತದೆ. ದಾಂಡೇಲಿ ಕಡೆಯ ಕಪ್ಪೆಬಾಯಿ ಹಕ್ಕಿ ಹಗಲೆಲ್ಲ ಮೆಳೆಯಲ್ಲಿ ಒಣಗಿದ ಎಲೆಯ ಹಾಗೆ ಸುಮ್ಮನೆ ಕೂತಿರುತ್ತದೆ.

ಬಿದಿರಿಗೆ ಹೂ ಬಂದಾಗ ಹಬ್ಬವೇ ಬೇರೆ. ಮುಳ್ಳುಬಿದಿರು ಹತ್ತಾರು ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಬೀಜ ಸುರಿಸಿ, ಸತ್ತುಹೋಗುತ್ತದೆ. ಆ ಬಿದಿರಕ್ಕಿಗೆ ಕಾಡುಕೋಳಿ, ಹಸಿರು ಪಾರಿವಾಳ (ಪಾಚೂ ಕವಡಾ), ಮುನಿಯಾ ಗುಂಪುಗಳು ಮುಗಿಬೀಳುತ್ತವೆ. ಆಮೇಲೆ ಹೊಸ ಸಸಿ ಮೆಳೆಯಾಗುವ ತನಕ ಅವಕ್ಕೆ ಹಲವು ವರ್ಷ ಬರಗಾಲ.

ದಾಂಡೇಲಿಯ ಪಾಠ

ಉತ್ತರ ಕನ್ನಡದ ಬಿದಿರನ್ನು ದಾಂಡೇಲಿಯ ಕಾಗದ ಕಾರ್ಖಾನೆಗೆ ಆರಂಭದಲ್ಲಿ ಕೊಟ್ಟ ದರ ಟನ್ನಿಗೆ ಬರೀ ಒಂದೂವರೆ ರೂಪಾಯಿ. ಮೇದಾರರಿಗೆ ಬಿದಿರು ಸಿಗದಾಗಿ ಕೂಗೆದ್ದಿತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ ಮತ್ತು ಸಂಗಡಿಗರು ಇದರ ಅಧ್ಯಯನ ಮಾಡಿದರು. ಮೆಳೆ ಚೊಕ್ಕ ಮಾಡುತ್ತೇವೆಂದು ಬುಡದ ಮುಳ್ಳು ಸವರಿದ್ದೇ ಕೇಡಾಗಿತ್ತು. ಬೇಲಿ ಹೋದ ಮೇಲೆ ಎಳೆ ಕಳಲೆಯನ್ನು ದನ ಮೇಯ್ದವು, ಮಂಗ ಮುರಿದವು, ಮುಳ್ಳುಹಂದಿ ತಿಂದವು. ಹಳ್ಳಿಯವರಿಗೆ ಮುಳ್ಳಿನ ಗುಟ್ಟು ಮೊದಲೇ ತಿಳಿದಿತ್ತು, ಕೇಳುವವರಿರಲಿಲ್ಲ. ಕಳಲೆ ಕಾಯುವ ಆ ಮುಳ್ಳೇ ನೆಲದ ಹಕ್ಕಿಗಳನ್ನೂ ನರಿ, ಮುಂಗುಸಿಯಿಂದ ಕಾಯುತ್ತದೆ.

ನಮ್ಮ ಕೈಲಾಗುವುದು

ಖಾಸಗಿ ಜಮೀನಿನ ಬಿದಿರು 2017ರಿಂದ ಕೇಂದ್ರ ಅರಣ್ಯ ಕಾಯ್ದೆಯ 'ಮರ'ದ ವ್ಯಾಖ್ಯೆಯಲ್ಲಿಲ್ಲ. ಆದ್ದರಿಂದ ಹಳ್ಳದ ದಂಡೆಗೆ, ಬದುವಿಗೆ ಬಿದಿರು ಹಚ್ಚುವ ರೈತರಿಗೆ ಹಾದಿ ಸಲೀಸಾಗಿದೆ. ನಮ್ಮ ಕಬ್ಬಿನ ಸೀಮೆಯ ಬಿದಿರಿಗೆ ಕಪ್ಪೆಬಾಯಿ ಬರಲಿಕ್ಕಿಲ್ಲ, ಆದರೆ ಕೆಂಬೂತ (ಭಾರದ್ವಾಜ), ಹರಟೆಮಲ್ಲ (ಸಾತಭಾಯಿ), ಬೆಳ್ಳಕ್ಕಿ ಖಂಡಿತ ಬಂದಾವು. ಮೊದಲಿನ ಎರಡು ಹೊಲದ ಹುಳ ಹೆಕ್ಕುವ ಬಿಟ್ಟಿ ಆಳುಗಳು.

ಮಾಡಬೇಕಾದ್ದು ಇಷ್ಟೇ: ಬಲಿತ ಗಳ ಮಾತ್ರ ಕಡೀರಿ, ಮಳೆಗಾಲದಾಗ ಮೆಳೆಗೆ ಕೈ ಹಚ್ಚಬ್ಯಾಡ್ರಿ, ಉದುರೆಲೆಗೆ ಬೆಂಕಿ ಇಡಬ್ಯಾಡ್ರಿ, ಮುಳ್ಳುಬಿದಿರಿನ ಬುಡ ಬೋಳಿಸಬ್ಯಾಡ್ರಿ. ಹಿಂಗ ಮಾಡಿದರೆ ವರ್ಷಾ ಗಳ ಸಿಗುತ್ತದೆ, ಹಕ್ಕಿಯ ಗೂಡೂ ಉಳಿಯುತ್ತದೆ.