ಗೊಂಬೆ ಇವೆ, ಆಟ ಎಲ್ಲಿ?

ಅಕ್ಕನ ಮಗ ಮಂಚದಡಿಯಿಂದ ಎಳೆದದ್ದು ಬೂಟಿನ ಡಬ್ಬಿ. ಮುಚ್ಚಳ ತೆಗೆದರೆ ಸ್ಪಂಜಿನ ಗುಳಿಗಳಲ್ಲಿ ಪುಟ್ಟ ಮಂದಿ ಸಾಲಾಗಿ ಮಲಗಿದ್ದರು. ಗಡ್ಡದ ಮಾಂತ್ರಿಕ, ಬಿಲ್ಲು ಹಿಡಿದ ಹುಡುಗಿ, ಮೂರು ಅಸ್ಥಿಪಂಜರ, ಗುರಾಣಿ ಹೊತ್ತ ನಾಲ್ಕೈದು ಜನ. ಮೂಲೆಯಲ್ಲಿ ಬಾಲ ಮುರಿದ ಡ್ರ್ಯಾಗನ್. ಡ್ರ್ಯಾಗನ್ ಬಿಟ್ಟರೆ ಎಲ್ಲರೂ ಹೆಬ್ಬೆರಳ ಮೇಲ್ಗೆಣ್ಣಿನಷ್ಟೇ ಎತ್ತರ. ಈ ಹವ್ಯಾಸದವರ ಬಾಯಲ್ಲಿ ‘28 ಮಿಲಿಮೀಟರ್ ಮಿನಿಯೇಚರ್’. ಕಾಲಡಿಯಲ್ಲಿ ಹಳೇ ರೂಪಾಯಿ ನಾಣ್ಯದಗಲದ ಕರಿ ಬಿಲ್ಲೆ. ಮಾಂತ್ರಿಕನನ್ನು ಕಣ್ಣಿಗೆ ಹತ್ತಿರ ಹಿಡಿದೆ. ನಿಲುವಂಗಿಯ ಮಡಿಕೆಯೊಳಗೆ ಕಡುನೀಲಿ, ಏಣಿನ ಮೇಲೆ ತಿಳಿನೀಲಿ. ಸಾಸಿವೆಗಿಂತ ಸಣ್ಣ ಕಣ್ಣಿಗೂ ಬಿಳಿ ಚುಕ್ಕೆ ಇಟ್ಟಿದ್ದಾನೆ, ಪುಣ್ಯಾತ್ಮ.

“ಬಣ್ಣ ಹಚ್ಚೋಕೇ ಒಂದೂವರೆ ವರ್ಷ ಆಯ್ತು ಮಾಮ. ಈಗ ಇವನ್ನ ಇಟ್ಕೊಂಡು ಏನು ಆಡ್ಲಿ?”

ನನಗೆ ನಗು ಬಂತು. ನಮ್ಮ ಕಾಲದ ಪರದಾಟವೇ ಬೇರೆ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಗೀಚಿದರೆ ಚೌಕಾಬಾರ ಸಿದ್ಧ, ಹುಡುಕಾಟವೆಲ್ಲ ಕಾಯಿಗೆ. ಒಬ್ಬರಿಗೆ ಬಳೆಚೂರು, ಒಬ್ಬರಿಗೆ ಹುಣಸೆಬೀಜ, ಕೊನೆಗೆ ಬಂದವರಿಗೆ ಕಡ್ಡಿಚೂರು. ಇಲ್ಲಿ ಕಾಯಿಗಳು ಮದುವೆ ದಿಬ್ಬಣದ ಹಾಗೆ ಸಿಂಗರಿಸಿಕೊಂಡು ಕೂತಿವೆ, ಆಟದ್ದೇ ಪತ್ತೆಯಿಲ್ಲ.

ಈ ಪೇಚು ಇವನೊಬ್ಬನದೇ ಅಲ್ಲ. ಇಂಗ್ಲೆಂಡಿನ ಲೇಖಕ ಎಚ್.ಜಿ. ವೆಲ್ಸ್‌ಗೂ ಗೊಂಬೆಯೇ ಮೊದಲು ಸಿಕ್ಕಿದ್ದು. ಊಟ ಮುಗಿದು ಕಾಫಿ ಬರುವ ಹೊತ್ತು. ಪಕ್ಕದ ಮೇಜಿನ ಮೇಲೆ ಹುಡುಗರು ಬಿಟ್ಟುಹೋದ ನಾಲ್ಕೈದು ಸಿಪಾಯಿ ಗೊಂಬೆ, ಒಂದು ಸ್ಪ್ರಿಂಗಿನ ಫಿರಂಗಿ. ಜತೆಗಿದ್ದ ಗೆಳೆಯ ಸುಮ್ಮನಿರಲಾರದೆ ಗುರಿಯಿಟ್ಟು ಒಬ್ಬನನ್ನು ಉರುಳಿಸಿದ, ಜಂಬ ಕೊಚ್ಚಿದ, ಪಂಥ ಕಟ್ಟಿದ. ಆಮೇಲೆ ವಿಶ್ವಕೋಶದ ಸಂಪುಟಗಳು ನೆಲಕ್ಕಿಳಿದು ದಿಣ್ಣೆಗಳಾದವು. ಕಾಲಾಳಿಗೆ ಒಂದು ಸರದಿಗೆ ಒಂದಡಿ, ಕುದುರೆಗೆ ಎರಡಡಿ ಎಂದು ಕಟ್ಟಳೆ ಹುಟ್ಟಿತು. ‘ಲಿಟಲ್ ವಾರ್ಸ್’ ಎಂಬ ಹೆಸರಲ್ಲಿ ಅದು ಪುಸ್ತಕವಾದದ್ದು 1913ರಲ್ಲಿ. ಮರುವರ್ಷವೇ ನಿಜವಾದ ಮಹಾಯುದ್ಧ ಬಂತು, ಅದು ಬೇರೆ ಮಾತು.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್‌ನದು ಇನ್ನೂ ತಮಾಷೆ. ಹಾಂಗ್‌ಕಾಂಗ್‌ನಿಂದ ಬರುತ್ತಿದ್ದ ಅಗ್ಗದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಯಾವ ಯುಗದಲ್ಲೂ ಬದುಕಿರದ ಸೊಟ್ಟ ಪ್ರಾಣಿಗಳು ಅವನಿಗೆ ಸಿಕ್ಕವು. ಬಾಲದ ತುದಿಗೆ ಫ್ಯಾನಿನ ರೆಕ್ಕೆಯಂಥದ್ದಿದ್ದ ಒಂದನ್ನು ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಿನ್ನುವ ‘ರಸ್ಟ್ ಮಾನ್‌ಸ್ಟರ್’ ಮಾಡಿದ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಅದು ಇವತ್ತಿಗೂ ಖಡ್ಗ ಮೇಯುತ್ತಿದೆ.

ನಾವು ಆರಿಸಿಕೊಂಡದ್ದು ‘ಫ್ರಾಸ್ಟ್‌ಗ್ರೇವ್’. ಜೋಸೆಫ್ ಮೆಕಲ್ಲಾ ಬರೆದ ನಿಯಮ ಪುಸ್ತಕ, 2015ರದ್ದು. ಇಂಥದೇ ಕಂಪನಿಯ ಗೊಂಬೆ ಬೇಕೆಂಬ ಹಟ ಅದಕ್ಕಿಲ್ಲ. ಮಾಂತ್ರಿಕನೊಬ್ಬ, ಅವನ ಶಿಷ್ಯ, ಜತೆಗೆ ಹೆಚ್ಚೆಂದರೆ ಎಂಟು ಬಂಟರು. ಹಿಮದಡಿ ಹೂತ ಊರಲ್ಲಿ ನಿಧಿ ದೋಚುವುದು. ಗೊಂಬೆಗೆಂದೇ ಇರುವ ಆಟಗಳಲ್ಲಿ ಹೊಸಬರಿಗೆ ಇದಕ್ಕಿಂತ ಸಲೀಸಾದದ್ದನ್ನು ನಾನಂತೂ ಕಾಣೆ.

ಊಟದ ಮೇಜಿಗೆ ಬಿಳಿ ಹಾಸುಬಟ್ಟೆ ಬಿತ್ತು. ಕೆಳಗೆ ಕಿಟೆಲ್ ನಿಘಂಟು ತೂರಿಸಿದೆವು, ಗುಡ್ಡ ಎದ್ದಿತು. ಉಪ್ಪಿನಕಾಯಿ ಭರಣಿ ಪಾಳು ಗೋಪುರ. ಅಕ್ಕನ ಹೊಲಿಗೆ ಪೆಟ್ಟಿಗೆಯ ಟೇಪು ಇಂಚು ಅಳೆಯಲು. ನಿಧಿ ಬೇಕಲ್ಲ? ಡಬ್ಬಿಯಿಂದ ಐದು ಹುಣಸೆಬೀಜ ತಂದೆ.

“ಈಗಷ್ಟೇ ಒಗೆದದ್ದು ಕಣೋ ಆ ಬಟ್ಟೆ!” ಅಡುಗೆಮನೆಯಿಂದ ಅಕ್ಕ.

ಅಸ್ಥಿಪಂಜರಗಳಿಗೆ ಕಳ್ಳರ ಕೆಲಸ ಕೊಟ್ಟೆವು. ಒಬ್ಬ ಬೀಜ ಎತ್ತಿಕೊಂಡ. ಹೊರೆ ಹೊತ್ತವನ ನಡೆ ಅರ್ಧಕ್ಕಿಳಿಯುತ್ತದೆ; ಮೇಜಿನಂಚು ಇನ್ನೂ ಗೇಣುದ್ದ ದೂರ. ಹಿಂದಿನಿಂದ ನನ್ನ ಗುರಾಣಿಯವ ಬಂದು ಮುಟ್ಟಿದ. ಇಬ್ಬರೂ ಇಪ್ಪತ್ತು ಮುಖದ ದಾಳ ಉರುಳಿಸಿದೆವು. ಹುಡುಗನದು ಗುಡ್ಡ ಇಳಿದು, ಭರಣಿಗೆ ಟಣ್ ಎಂದು ಬಡಿದು ನಿಂತಿತು: ಹತ್ತೊಂಬತ್ತು. ನನ್ನದು ನಾಲ್ಕು. ಬಂಟ ಬಿದ್ದ, ಬೀಜ ಹೋಯಿತು.

ಎಂಟು ಗಂಟೆಗೆ ತಟ್ಟೆ ಹಾಕಲು ಮೇಜು ಬಿಟ್ಟುಕೊಡಬೇಕಾಯಿತು. ಅವನಿಗೆ ಮೂರು ಬೀಜ, ನನಗೆ ಒಂದು. ಐದನೆಯದು ಕಿಟೆಲ್ ಅಡಿಯಲ್ಲಿ ಎಲ್ಲೋ ಇದೆ. ಬಾಲವಿಲ್ಲದ ಡ್ರ್ಯಾಗನ್ ಮಾತ್ರ ಡಬ್ಬಿಯಿಂದ ಏಳಲೇ ಇಲ್ಲ. ಅದಕ್ಕೊಪ್ಪುವ ಆಟ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.