ಯಾವ ಗಣಕ ಮೇಲು?

ವಿಂಡೋಸ್ ಮೇಲೋ, ಆಪಲ್ ಸಂಸ್ಥೆಯ ಮ್ಯಾಕ್ ಮೇಲೋ, ಲಿನಕ್ಸ್ ಮೇಲೋ ಎಂದು ವಿದ್ಯಾರ್ಥಿಗಳ ಗುಂಪೊಂದರಲ್ಲಿ ಕೇಳಿ ನೋಡಿ. ಒಡನೆಯೇ ಮೂರು ಪಕ್ಷಗಳಾಗುತ್ತವೆ. ಇದಕ್ಕಿಂತ ಸೋಜಿಗದ ಸಂಗತಿಯೊಂದುಂಟು. ಇಂದು ಒಂದನ್ನು ಹಾಡಿ ಹೊಗಳುವವರೇ ಕೆಲವು ವರ್ಷಗಳ ಬಳಿಕ ಇನ್ನೊಂದರ ಪಕ್ಷ ವಹಿಸುವುದುಂಟು. ಇದು ಬರಿಯ ಮನಸ್ಸಿನ ಚಂಚಲತೆಯೆ? ವೈಯಕ್ತಿಕ ಗಣಕಗಳ ಚರಿತ್ರೆಯನ್ನು ತಿರುವಿ ನೋಡಿದರೆ ಬೇರೆಯೇ ಉತ್ತರ ದೊರೆಯುತ್ತದೆ.

ಒಂದರ ಮಾತು ಇನ್ನೊಂದಕ್ಕೆ ತಿಳಿಯದು

ಮೊದಲು ಈ ಪಂಗಡಗಳು ಹುಟ್ಟಿದುದೇಕೆಂಬುದನ್ನು ತಿಳಿಯೋಣ. ಗಣಕದ ಮಿದುಳೆನಿಸಿದ ಪ್ರೊಸೆಸರಿಗೆ ಅರ್ಥವಾಗುವುದು ಸಂಖ್ಯಾರೂಪದ ಆಜ್ಞೆಗಳು ಮಾತ್ರ. ಕೂಡು, ಹೋಲಿಸು, ನೆನಪಿನಲ್ಲಿಡು ಎಂಬ ಒಂದೊಂದು ಕೆಲಸಕ್ಕೂ ಒಂದೊಂದು ಸಂಖ್ಯೆ. ಈ ಸಂಖ್ಯೆಗಳು ಎಲ್ಲ ಪ್ರೊಸೆಸರುಗಳಲ್ಲಿಯೂ ಒಂದೇ ಅಲ್ಲ. ೧೯೮೧ರ ಐಬಿಎಂ ಪಿಸಿಯಲ್ಲಿದ್ದುದು ಇಂಟೆಲ್ ೮೦೮೮. ೧೯೮೪ರ ಮ್ಯಾಕಿಂಟಾಷಿನಲ್ಲಿದ್ದುದು ಮೊಟೊರೊಲಾ ೬೮೦೦೦. ಒಂದರ ಆಜ್ಞೆ ಇನ್ನೊಂದಕ್ಕೆ ಅರ್ಥಹೀನ.

ಇಷ್ಟೇ ಅಲ್ಲ. ಕಡತವನ್ನು ತೆರೆಯಬೇಕಾದರೂ, ಪರದೆಯ ಮೇಲೆ ಕಿಟಕಿಯೊಂದನ್ನು ಮೂಡಿಸಬೇಕಾದರೂ ತಂತ್ರಾಂಶವು ಆಪರೇಟಿಂಗ್ ಸಿಸ್ಟಮಿನ ನೆರವನ್ನು ಬೇಡಬೇಕು. ಹೀಗೆ ಬೇಡುವ ಕ್ರಮವೂ ಒಂದೊಂದರಲ್ಲಿ ಒಂದೊಂದು ಬಗೆ. ಆದುದರಿಂದಲೇ ಒಂದಕ್ಕಾಗಿ ಬರೆದ ತಂತ್ರಾಂಶ ಇನ್ನೊಂದರಲ್ಲಿ ಇದ್ದಂತೆಯೇ ನಡೆಯದು.

ತಂತ್ರಾಂಶಕ್ಕಾಗಿ ಯಂತ್ರ

೧೯೭೯ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಅಮೆರಿಕನ್ನರು ‘ವಿಸಿಕ್ಯಾಲ್ಕ್’ ಎಂಬ ಲೆಕ್ಕದ ಹಾಳೆಯನ್ನು ರಚಿಸಿದರು. ಒಂದು ಸಂಖ್ಯೆಯನ್ನು ತಿದ್ದಿದೊಡನೆ ಅದನ್ನವಲಂಬಿಸಿದ ಮೊತ್ತಗಳೆಲ್ಲ ತಾವಾಗಿಯೇ ಬದಲಾಗುತ್ತಿದ್ದುವು. ಮೊದಲಿಗೆ ಅದು ದೊರೆಯುತ್ತಿದ್ದುದು ಆಪಲ್ ೨ ಗಣಕಕ್ಕೆ ಮಾತ್ರ. ಲೆಕ್ಕದ ಹಾಳೆ ಬೇಕೆಂದ ವ್ಯಾಪಾರಿಗಳು ಆ ಯಂತ್ರವನ್ನೇ ಕೊಂಡರು. ೧೯೮೩ರಲ್ಲಿ ಐಬಿಎಂ ಪಿಸಿಗೆ ‘ಲೋಟಸ್ ೧-೨-೩’ ಬಂದಿತು. ವ್ಯಾಪಾರಿಗಳ ಒಲವು ಅತ್ತ ತಿರುಗಿತು. ೧೯೮೫ರಲ್ಲಿ ಲೇಸರ್ ಮುದ್ರಕವೂ, ಪುಟಗಳನ್ನು ಜೋಡಿಸುವ ‘ಪೇಜ್‌ಮೇಕರ್’ ತಂತ್ರಾಂಶವೂ ಮ್ಯಾಕಿಂಟಾಷಿಗೆ ದೊರೆತುವು. ಪ್ರಕಾಶಕರು ಮ್ಯಾಕನ್ನು ಮೆಚ್ಚಿದರು.

ಐಬಿಎಂ ಪಿಸಿಯನ್ನು ಬಹುಮಟ್ಟಿಗೆ ಪೇಟೆಯಲ್ಲಿ ದೊರೆಯುವ ಭಾಗಗಳಿಂದಲೇ ಕಟ್ಟಿದ್ದರು. ಮೈಕ್ರೋಸಾಫ್ಟಿನ ಡಾಸ್ ಇತರ ತಯಾರಕರಿಗೂ ಸಿಕ್ಕುತ್ತಿತ್ತು. ಆದುದರಿಂದ ಅದೇ ತಂತ್ರಾಂಶಗಳನ್ನು ನಡೆಸಬಲ್ಲ ಅಗ್ಗದ ಗಣಕಗಳು ಅನೇಕ ಕಂಪನಿಗಳಿಂದ ಹೊರಬಿದ್ದುವು. ಸಂತೆಯಲ್ಲಿ ಕೊಳ್ಳುವವರು ಹೆಚ್ಚಿದಲ್ಲಿಗೆ ಮಾರುವವರು ಬರುತ್ತಾರೆ; ಮಾರುವವರು ಹೆಚ್ಚಿದಲ್ಲಿಗೆ ಕೊಳ್ಳುವವರು ಬರುತ್ತಾರೆ. ೧೯೯೦ರ ವಿಂಡೋಸ್ ೩.೦, ಬಳಿಕ ೧೯೯೫ರ ವಿಂಡೋಸ್ ೯೫ ಈ ಸಂತೆಯನ್ನು ಇನ್ನಷ್ಟು ಹಿಗ್ಗಿಸಿದುವು.

೧೯೯೭ರ ಘಟನೆಯೊಂದು ಇಲ್ಲಿ ಸ್ಮರಣೀಯ. ಆಗ ಆಪಲ್ ಸಂಸ್ಥೆ ನಷ್ಟದಲ್ಲಿತ್ತು. ಅದರ ಪ್ರತಿಸ್ಪರ್ಧಿಯಾದ ಮೈಕ್ರೋಸಾಫ್ಟ್ ಆಪಲಿನಲ್ಲಿ ಹದಿನೈದು ಕೋಟಿ ಡಾಲರುಗಳನ್ನು ತೊಡಗಿಸಿತು. ಜೊತೆಗೆ, ಮ್ಯಾಕಿಗೆ ‘ಆಫೀಸ್’ ತಂತ್ರಾಂಶವನ್ನು ಐದು ವರ್ಷ ಒದಗಿಸುವುದಾಗಿ ಒಪ್ಪಿತು. ಈ ಎರಡನೆಯ ಮಾತು ಹಣದಷ್ಟೇ ಬೆಲೆಯುಳ್ಳದ್ದು. ತಂತ್ರಾಂಶವಿಲ್ಲದ ಯಂತ್ರ ಎಷ್ಟೇ ಅಂದವಾಗಿದ್ದರೂ ಬಳಸುವವರಿಲ್ಲ.

ಲಿನಕ್ಸಿನ ಕಥೆ ಬೇರೆ. ೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಆರಂಭಿಸಿದನು. ಅದರ ಮೂಲ ಬರವಣಿಗೆ ಎಲ್ಲರಿಗೂ ತೆರೆದಿದೆ, ಓದಬಹುದು, ತಿದ್ದಬಹುದು. ಈ ಸ್ವಾತಂತ್ರ್ಯವೇ ಹಲವರನ್ನು ಸೆಳೆಯಿತು. ನಾವೂ ಡಾಸ್‌ನಿಂದ ವಿಂಡೋಸಿಗೆ, ಅಲ್ಲಿಂದ ಲಿನಕ್ಸಿಗೆ ಸರಿದವರೇ. ಪ್ರತಿ ಸಲವೂ ನಮ್ಮನ್ನು ಎಳೆದುದು ಯಂತ್ರದ ಹೊಳಪಲ್ಲ, ಕೈಯಲ್ಲಿದ್ದ ಕೆಲಸ.

ಕನ್ನಡಿಗರ ತೊಡಕು

ಕನ್ನಡದಲ್ಲಿ ಬರೆಯುವವರಿಗೆ ಈ ಆಯ್ಕೆ ಬಹುಕಾಲ ಇನ್ನೂ ಬಿಗಿಯಾಗಿತ್ತು. ೧೯೯೮ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎರಡೂ ಮೊದಲು ಸಿದ್ಧವಾದುದು ವಿಂಡೋಸಿಗೆ. ಕನ್ನಡ ಬೇಕಾದವರು ಅಲ್ಲಿಯೇ ನಿಂತರು.

ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಇದ್ದುದು ೨೫೬ ಮನೆಗಳು. ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಇಡಿಯಾಗಿ ಅಷ್ಟರಲ್ಲಿ ತುಂಬಲಾಗದು. ಆದುದರಿಂದ ಅಕ್ಷರಗಳನ್ನು ಕೊಂಬು, ಒತ್ತು ಮುಂತಾದ ತುಂಡುಗಳನ್ನಾಗಿ ಒಡೆದು, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿಯೂ ಕೂರಿಸುತ್ತಿದ್ದರು. ಆ ವಿನ್ಯಾಸವಿಲ್ಲದ ಗಣಕದಲ್ಲಿ ಅದೇ ಬರಹವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯಂತ್ರವನ್ನು ಬದಲಿಸಿದವನು ತನ್ನ ಬರಹವನ್ನೇ ಕಳೆದುಕೊಳ್ಳುವ ಭಯವಿತ್ತು.

ಇದಕ್ಕೆ ಪರಿಹಾರವಾಗಿ ಬಂದುದು ಯೂನಿಕೋಡ್. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ವಲಯವಿತ್ತು. ಇದರಲ್ಲಿ ‘ಕ’ ಅಕ್ಷರದ ಸಂಖ್ಯೆ ೩೨೨೧. ಯಾವ ಗಣಕದಲ್ಲಾದರೂ ಅದು ‘ಕ’ ಅಕ್ಷರವೇ. ಇಲ್ಲಿ ಕೂಡಿಡುವುದು ಆಕಾರದ ತುಂಡುಗಳನ್ನಲ್ಲ, ಅಕ್ಷರಗಳನ್ನು. ‘ಸ್ತ್ರೀ’ ಎಂಬುದು ಆರು ಸಂಖ್ಯೆಗಳಾಗಿ ಉಳಿಯುತ್ತದೆ. ಅವನ್ನು ಒಂದರಡಿ ಒಂದು ಜೋಡಿಸಿ ತೋರಿಸುವುದು ಆಪರೇಟಿಂಗ್ ಸಿಸ್ಟಮಿನ ಹೊಣೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಇಂದು ಇದನ್ನು ಮಾಡಬಲ್ಲವು. ಲಿನಕ್ಸಿನ ತಿರುಳನ್ನೇ ಒಳಗೊಂಡ ಆಂಡ್ರಾಯ್ಡ್ ಫೋನಿನಲ್ಲಿಯೂ ಅದೇ ಕನ್ನಡ ಮೂಡುತ್ತದೆ.

ಹಾಗಾದರೆ ಯಾವ ಗಣಕ ಮೇಲು? ನಿಮ್ಮ ಕೆಲಸಕ್ಕೆ ಒದಗುವ ತಂತ್ರಾಂಶ ಯಾವುದರಲ್ಲಿದೆಯೋ ಅದು ಇಂದಿಗೆ ಮೇಲು. ನಾಳೆ ಕೆಲಸ ಬದಲಾದರೆ ಒಲವೂ ಬದಲಾಗಲಿ, ಅದರಲ್ಲಿ ಅಳುಕಬೇಕಾದುದಿಲ್ಲ. ಆದರೆ ಕೊಳ್ಳುವ ಮುನ್ನ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಿ: “ಇದನ್ನು ಬಿಡುವ ದಿನ ನನ್ನ ಬರಹ, ಚಿತ್ರ, ಲೆಕ್ಕಗಳು ನನ್ನೊಡನೆ ಬಂದಾವೆ?” ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆಯಿರಿ, ಹಳೆಯ ವಿನ್ಯಾಸದ ಬರಹಗಳಿದ್ದರೆ ಪರಿವರ್ತಿಸಿಡಿ, ಮುಖ್ಯವಾದವನ್ನು ಹಲವು ತಂತ್ರಾಂಶಗಳು ಓದಬಲ್ಲ ರೂಪದಲ್ಲಿ ಉಳಿಸಿ, ಪ್ರತಿಯೊಂದನ್ನು ಬೇರೆಡೆ ಇಡಿ. ಇಷ್ಟು ಮಾಡಿದವರು ಯಾವ ಗಣಕದಿಂದ ಯಾವ ಗಣಕಕ್ಕಾದರೂ ನಿಶ್ಚಿಂತೆಯಿಂದ ಹೋಗಬಹುದು.